ಖಾಲಿ ಸಾಲಿನಲ್ಲಿ ಯಾರಿದ್ದಾರೆ?

ಜನರಿಗೆ ಉಪಯೋಗವಾಗುವ ಕಡೆ ಡೇಟಾ ಸೈನ್ಸ್ ಕೆಲಸ ಮಾಡಬೇಕು, ಏನು ಕಲಿಯಲಿ ಅಂತ ಆಗಾಗ ಯಾರಾದರೂ ಕೇಳುತ್ತಾರೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ, ಸ್ಟ್ಯಾಟಿಸ್ಟಿಕ್ಸ್ ಬೇಕೇ ಬೇಕು, ಅದನ್ನು ಎಲ್ಲರೂ ಹೇಳುತ್ತಾರೆ. ಸಂಬಳ ಸಾಮಾನ್ಯವಾಗಿ ದೊಡ್ಡ ಕಂಪನಿಗಳಿಗಿಂತ ಕಡಿಮೆ, ಅದೂ ಗೊತ್ತಿರಲಿ. ನಾನು ಹೇಳುವುದು ಬೇರೆ. ಡೇಟಾದಲ್ಲಿ ಖಾಲಿ ಬಿಟ್ಟ ಜಾಗ ನೋಡುವುದನ್ನು ಕಲಿಯಿರಿ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಆರೋಗ್ಯ ಸಮೀಕ್ಷೆಯ ಡೇಟಾ ನನ್ನ ಕೈಗೆ ಬಂತು. ಫೋನ್ ನಂಬರಿನ ಕಾಲಂ ಅಲ್ಲಲ್ಲಿ ಖಾಲಿ ಇತ್ತು. ಕ್ಲಾಸಿನಲ್ಲಿ ಕಲಿತ ಹಾಗೆ 'ಡ್ರಾಪ್‌ನಾ' ಅಂತ ಒಂದು ಲೈನ್ ಕೋಡ್ ಬರೆದೆ, ಖಾಲಿ ಇದ್ದ ಸಾಲುಗಳೆಲ್ಲ ಹೋದವು, ಟೇಬಲ್ ನೀಟಾಯಿತು. ಸಂಜೆ, ಮನೆಮನೆ ಸುತ್ತಿ ಆ ಮಾಹಿತಿ ತಂದಿದ್ದ ಸಹೋದ್ಯೋಗಿ ನನ್ನ ಸ್ಕ್ರೀನ್ ನೋಡಿ, "ಒಂಟಿಯಾಗಿರೋ ಅಜ್ಜಿಯರೆಲ್ಲ ಎಲ್ಲಿ ಹೋದ್ರು?" ಅಂತ ಕೇಳಿದರು. ಆ ಅಜ್ಜಿಯರ ಹತ್ತಿರ ಫೋನೇ ಇರಲಿಲ್ಲ. ಯಾರಿಗೆ ಸಹಾಯ ಎಲ್ಲರಿಗಿಂತ ಜಾಸ್ತಿ ಬೇಕಿತ್ತೋ ಅವರನ್ನೇ ಅಳಿಸಿ ಕೂತಿದ್ದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ದೊಡ್ಡ ಮಟ್ಟದಲ್ಲೂ ಇದೇ ಕಥೆ. 2018ರಲ್ಲಿ ಜಾಯ್ ಬುವೊಲಮ್ವಿನಿ, ಟಿಮ್ನಿಟ್ ಗೆಬ್ರು ಅನ್ನುವ ಇಬ್ಬರು ಸಂಶೋಧಕಿಯರು ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ಸಾಫ್ಟ್‌ವೇರ್‌ಗಳನ್ನು ಪರೀಕ್ಷೆ ಮಾಡಿದರು. ಬಿಳಿ ಬಣ್ಣದ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ಶೇ. 0.8, ಕಪ್ಪು ಬಣ್ಣದ ಹೆಂಗಸರಲ್ಲಿ ಶೇ. 34.7ರವರೆಗೆ! ಮರುವರ್ಷ ಅಮೆರಿಕದ ಆಸ್ಪತ್ರೆಗಳಲ್ಲಿ ಬಳಸುತ್ತಿದ್ದ ಒಂದು ಅಲ್ಗಾರಿದಮ್‌ನ, ಅಂದರೆ ಕಂಪ್ಯೂಟರ್ ಲೆಕ್ಕದ ವಿಧಾನದ ತಪ್ಪು ಬೆಳಕಿಗೆ ಬಂತು. ಯಾರಿಗೆ ಹೆಚ್ಚು ಆರೈಕೆ ಬೇಕು ಅಂತ ಅದು ಚಿಕಿತ್ಸೆಯ ಖರ್ಚಿನಿಂದ ಲೆಕ್ಕ ಹಾಕುತ್ತಿತ್ತು. ಆದರೆ ಅಷ್ಟೇ ಕಾಯಿಲೆ ಇದ್ದರೂ ಕಪ್ಪು ಜನರ ಮೇಲೆ ಆಗುತ್ತಿದ್ದ ಖರ್ಚು ಕಡಿಮೆ, ಅವರು ಪಟ್ಟಿಯಲ್ಲಿ ಕೆಳಗೆ ಬೀಳುತ್ತಿದ್ದರು. ಅದನ್ನು ಸರಿಮಾಡಿದರೆ ಹೆಚ್ಚುವರಿ ಆರೈಕೆ ಸಿಗುವವರಲ್ಲಿ ಅವರ ಪಾಲು ಶೇ. 17.7ರಿಂದ 46.5ಕ್ಕೆ ಏರುತ್ತಿತ್ತು. ಕಾಲಂನ ಹೆಸರು ಒಂದು, ಅದು ನಿಜವಾಗಿ ಅಳೆಯುವುದು ಇನ್ನೊಂದು. ಡೇಟಾದಿಂದ ಕಲಿತು ಅಂದಾಜು ಹೇಳುವ ಮಾಡೆಲ್ ಎಷ್ಟು ಚೆನ್ನಾಗಿದ್ದರೂ ಇದನ್ನು ತಾನಾಗಿ ಹೇಳುವುದಿಲ್ಲ, ಮನುಷ್ಯರೇ ಕೂತು ಕೇಳಬೇಕು.

ಫಲಿತಾಂಶ ತೋರಿಸುವಾಗಲೂ ಅಷ್ಟೇ. ಕೆಂಪು-ಹಸಿರಿನಲ್ಲೇ ಎಲ್ಲ ಹೇಳಿದರೆ ಆ ಬಣ್ಣಗಳ ವ್ಯತ್ಯಾಸ ಕಾಣದವರು ಹೊರಗೇ ಉಳಿಯುತ್ತಾರೆ. ಚಿತ್ರಕ್ಕೆ ವಿವರಣೆ ಬರೆಯದಿದ್ದರೆ ಕಣ್ಣು ಕಾಣದವರಿಗೆ ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎಷ್ಟೋ ಸಲ ಸುಮ್ನೆ "ಚಿತ್ರ" ಅಂದು ಮುಂದೆ ಹೋಗುತ್ತದೆ, ಕೇಳುತ್ತಿರುವವರಿಗೆ ಏನೂ ಸಿಗುವುದಿಲ್ಲ.

ಈಗ ನಾನು ಖಾಲಿ ಸಾಲುಗಳನ್ನು ಮೊದಲು ಬೇರೆ ಫೈಲಿಗೆ ಹಾಕಿಕೊಳ್ಳುತ್ತೇನೆ. ಮಾಹಿತಿ ತಂದವರ ಪಕ್ಕ ಕೂತು, ಈ ಮನೆಯಲ್ಲಿ ಯಾರಿದ್ದರು ಅಂತ ಒಂದೊಂದಾಗಿ ಕೇಳುತ್ತೇನೆ. ನಿಧಾನ ಆಗುತ್ತದೆ, ಆಗಲಿ. ಆ ಸಮೀಕ್ಷೆಗೆ ಅಜ್ಜಿಯರನ್ನು ವಾಪಸ್ ಸೇರಿಸಿದಾಗ, ವೈದ್ಯರನ್ನು ಮೊದಲು ಎಲ್ಲಿಗೆ ಕಳಿಸಬೇಕು ಅನ್ನುವ ಪಟ್ಟಿಯೇ ಬದಲಾಯಿತು.