ಇದು ಯಾರಿಗೆ ಅಕ್ಕೋರೇ?

"ಇದು ಯಾರಿಗೆ ಅಕ್ಕೋರೇ?"

ಔಷಧಿ ಅಂಗಡಿಯವನು ಕೇಳಿದ್ದು ಇಷ್ಟೇ. ಒಂದು ಕೈಯಲ್ಲಿ ಚೀಟಿ, ಇನ್ನೊಂದು ಕೈಯಲ್ಲಿ ಕತ್ತರಿ. ಹತ್ತು ಗುಳಿಗೆಯ ಸ್ಟ್ರಿಪ್ಪಿನಿಂದ ಏಳನ್ನು ಕತ್ತರಿಸಿ ಬೇರೆ ಮಾಡುತ್ತಿದ್ದ.

"ನಮ್ಮ ಅತ್ತೆಗೆ" ಎಂದೆ.

ಲೆಕ್ಕ ಮಾಡದ ಹುಡುಗ "ನೋಟ್‌ಬುಕ್ ಮನೆಯಲ್ಲಿ ಮರೆತು ಬಂದೆ ಟೀಚರ್" ಎನ್ನುತ್ತಾನಲ್ಲ, ಅಷ್ಟೇ ಸಲೀಸಾಗಿ ಬಾಯಿಂದ ಬಂತು. ಹದಿನೆಂಟು ವರ್ಷದಿಂದ ಅಂಥ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು.

ನಮ್ಮ ಓಣಿಯ ಅಂಗಡಿಯಲ್ಲಿ ಕೊಳ್ಳುವುದು ನನ್ನ ಯೋಜನೆಯಾಗಿರಲಿಲ್ಲ. ಸ್ಟೇಷನ್ ರಸ್ತೆಯ ಕ್ಲಿನಿಕ್‌ನಿಂದ ಹೊರಬಿದ್ದಾಗ, ಸೂಪರ್ ಮಾರ್ಕೆಟ್ ಕಡೆ ಗುರುತಿಲ್ಲದ ಯಾವುದಾದರೂ ಅಂಗಡಿಯಲ್ಲಿ ತೆಗೆದುಕೊಳ್ಳೋಣ ಎಂದುಕೊಂಡಿದ್ದೆ. ಮೊದಲನೆಯದರಲ್ಲಿ ಗಲ್ಲೆಯ ಮೇಲೆ ನನ್ನ ಹಳೆಯ ವಿದ್ಯಾರ್ಥಿ. ಎರಡನೆಯದರಲ್ಲಿ ನಮ್ಮ ಶಾಲೆಯ ಗುಮಾಸ್ತರ ತಮ್ಮ. ಮೂರನೆಯದರ ಮುಂದೆ ನಮ್ಮ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೊಬ್ಬರು ಕುಳಿತು ಚಹಾ ಕುಡಿಯುತ್ತಿದ್ದರು. ಕಲಬುರಗಿಯಲ್ಲಿ ಇಷ್ಟು ವರ್ಷ ಪಾಠ ಹೇಳಿದವಳಿಗೆ ಗುಟ್ಟಾಗಿ ಒಂದು ಗುಳಿಗೆ ಕೊಳ್ಳುವ ಜಾಗವಿಲ್ಲ. ಕೊನೆಗೆ ಮಧ್ಯಾಹ್ನ ಎರಡು ಗಂಟೆಗೆ, ಈ ಮೇ ಬಿಸಿಲಿನಲ್ಲಿ ನಾಯಿಯೂ ಹೊರಗೆ ಬರುವುದಿಲ್ಲ ಎಂಬ ಧೈರ್ಯದ ಮೇಲೆ ನಮ್ಮ ಓಣಿಯ ಅಂಗಡಿಗೇ ಹೋದೆ. ನಾಯಿ ಇರಲಿಲ್ಲ, ನಿಜ. ಇಬ್ಬರು ನೆರೆಯವರಿದ್ದರು.

ಅಂಗಡಿಯವನು ಕೆಟ್ಟವನಲ್ಲ. ಮುದುಕರಿಗೆ ಬಿ.ಪಿ. ನೋಡಿ ಹಣ ಮುಟ್ಟುವುದಿಲ್ಲ. ಆದರೆ ಸದ್ದು ಮಾಡುವ ಫ್ಯಾನಿನ ಕೆಳಗೆ ಇಪ್ಪತ್ತು ವರ್ಷ ಮಾತಾಡಿ ಅವನ ದನಿ ಜೋರಾಗಿಬಿಟ್ಟಿದೆ. ಎದುರಿಗಿದ್ದವಳು ನಾನೊಬ್ಬಳಾದರೂ ಪ್ರಶ್ನೆ ಕೇಳಿಸಿದ್ದು ಓಣಿಗೆ.

ಇದೆಲ್ಲ ಶುರುವಾಗಿದ್ದು ಮಾರ್ಚ್‌ನಲ್ಲಿ, ಶರಣಬಸವೇಶ್ವರರ ಜಾತ್ರೆಯಲ್ಲಿ. ತೇರು ಎದುರಿಗೆ ಬಂತು. ಎಲ್ಲರೂ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಿದ್ದರು. ನಾನೂ ಕೈ ಎತ್ತಿದೆ. ಅಲ್ಲಿಗೇ ಎದೆ ಹೊಡೆದುಕೊಳ್ಳಲು ಶುರುವಾಯಿತು, ಉಸಿರು ಅರ್ಧಕ್ಕೆ ನಿಂತಿತು, ಸುತ್ತಲಿನ ಗದ್ದಲ ಬಾವಿಯೊಳಗಿಂದ ಬಂದಂತೆ ಕೇಳತೊಡಗಿತು. ಸಾಯುತ್ತಿದ್ದೇನೆ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಮನೆಗೆ ಬಂದು ಮುಷ್ಟಿ ಬಿಚ್ಚಿದಾಗ ಉತ್ತತ್ತಿ ಅಲ್ಲಿಯೇ ಇತ್ತು, ಬೆವರಿಗೆ ಮೆತ್ತಗಾಗಿ.

ಆಮೇಲೆ ಇ.ಸಿ.ಜಿ., ಥೈರಾಯ್ಡ್, ಇನ್ನಿಷ್ಟು ರಕ್ತ ಪರೀಕ್ಷೆ. ಎಲ್ಲ ಸರಿಯಾಗಿದೆ ಎಂದರು. ಎಲ್ಲ ಸರಿಯಾಗಿದೆ ಎಂಬ ಮಾತು ಕೇಳಿ ಅತ್ತವಳು ಆ ದಿನ ಆ ದವಾಖಾನೆಯಲ್ಲಿ ನಾನೊಬ್ಬಳೇ ಇರಬೇಕು. ಹತ್ತನೆಯ ತರಗತಿಯ ಪರೀಕ್ಷೆಗೆ ಕೊಠಡಿ ಮೇಲ್ವಿಚಾರಣೆಗೆ ಹೋದರೆ ಉತ್ತರ ಪತ್ರಿಕೆಗಳ ಮೇಲೆ ನನ್ನ ಸಹಿ ಒಂದೊಂದು ಬೆಂಚಿಗೆ ಒಂದೊಂದು ತರಹ ಬಿತ್ತು. ಮೂರನೆಯ ಸಾಲಿನ ಹುಡುಗಿಯೊಬ್ಬಳು ತನ್ನ ನೀರಿನ ಬಾಟಲಿಯನ್ನು ಸುಮ್ಮನೆ ನನ್ನ ಕಡೆ ಸರಿಸಿದಳು. ಪರೀಕ್ಷೆ ಅವಳದು, ನೀರು ಕುಡಿದವಳು ನಾನು.

ಮನೋವೈದ್ಯೆ ನನಗಿಂತ ಹತ್ತು ವರ್ಷ ಚಿಕ್ಕವಳು. ಮೊದಲು ಏಳು ಪ್ರಶ್ನೆಗಳ ಹಾಳೆ ಕೊಟ್ಟಳು. ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಚಡಪಡಿಕೆ, ಎಷ್ಟು ದಿನ ತಡೆಯಲಾಗದ ಚಿಂತೆ, ಎಷ್ಟು ದಿನ ಏನೋ ಕೆಟ್ಟದ್ದು ನಡೆಯಲಿದೆ ಎಂಬ ಭಯ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು 21ಕ್ಕೆ ನನಗೆ 16 ಬಂತು. 15 ಮುಟ್ಟಿದರೆ ತೀವ್ರ ಎಂದಳು. ಶೇಕಡಾ ಎಪ್ಪತ್ತಾರು, ಡಿಸ್ಟಿಂಕ್ಷನ್‌ ಎಂದು ನಾನು ನಗಿಸಲು ನೋಡಿದೆ. ಅವಳು ನಕ್ಕಳು, ಆದರೆ ಪೆನ್ನು ಬಿಡಲಿಲ್ಲ.

ಬರೆದುಕೊಟ್ಟದ್ದು ಎಸ್ಸಿಟಾಲೊಪ್ರಾಮ್, ಚಿಂತೆ ತಗ್ಗಿಸುವ ಗುಳಿಗೆ. ಒಂದು ವಾರ 5 ಮಿ.ಗ್ರಾಂ., ಆಮೇಲೆ 10. ಮೊದಲ ವಾರ ವಾಕರಿಕೆ, ತಲೆನೋವು ಬರಬಹುದು, ಚಡಪಡಿಕೆ ಕೆಲವರಿಗೆ ಸ್ವಲ್ಪ ಹೆಚ್ಚೂ ಆಗಬಹುದು, ಹೆದರಿ ಬಿಡಬೇಡಿ, ಹೆಚ್ಚಾದರೆ ಫೋನ್ ಮಾಡಿ ಎಂದಳು. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ತಿಳಿಯಲು ಇನ್ನೂ ಹೆಚ್ಚು. ಜೊತೆಗೆ ಆಪ್ತಸಮಾಲೋಚನೆ ಇದ್ದರೆ ಒಳ್ಳೆಯದು. "ಶುರು ಮಾಡುವುದು ನಿಮ್ಮ ನಿರ್ಧಾರ. ಯೋಚಿಸಿ" ಎಂದಳು. ಆ ಕೊನೆಯ ಮಾತನ್ನು ಅವಳು ಆಡಬಾರದಿತ್ತು. ಚಿಂತೆಯ ರೋಗಿಗೆ ಯೋಚಿಸಿ ಎನ್ನುವುದು ಸಕ್ಕರೆ ರೋಗಿಗೆ ಹೋಳಿಗೆ ಬಡಿಸಿದಂತೆ.

ಯೋಚಿಸಿದೆ. ಒಂಬತ್ತು ದಿನ. ಅಷ್ಟೂ ದಿನ ಗುಳಿಗೆಗಳು ತೊಗರಿಬೇಳೆಯ ಡಬ್ಬಿಯ ಹಿಂದೆ ಕುಳಿತಿದ್ದವು.

ನನಗೆ ಇದ್ದ ಭಯ ನಮ್ಮ ದೊಡ್ಡವ್ವನದು. ಸೇಡಂ ಕಡೆಯ ಹಳ್ಳಿಯಲ್ಲಿ ಆಕೆ ಯಾರೋ ಕೊಟ್ಟ ನಿದ್ದೆ ಗುಳಿಗೆಯನ್ನು ಕೊನೆಯತನಕ ನುಂಗಿದಳು. ಹಗಲೆಲ್ಲ ಕಟ್ಟೆಯ ಮೇಲೆ ಬಾಯಿ ತೆರೆದು ಕೂರುತ್ತಿದ್ದಳು, ಗುಳಿಗೆ ತೀರಿದ ದಿನ ಕೈಕಾಲು ನಡುಗಿ ಊರೆಲ್ಲ ಓಡಾಡುತ್ತಿದ್ದಳು. ಅದನ್ನು ವೈದ್ಯೆಗೆ ಹೇಳಿದ್ದೆ. ಅದು ಬೇರೆ ಜಾತಿಯ ಔಷಧಿ, ಕೂಡಲೇ ತಣ್ಣಗೆ ಮಾಡಿ ಚಟ ಹತ್ತಿಸುವಂಥದು, ಇದಕ್ಕೆ ಹಾಗೆ ಚಟ ಹತ್ತುವುದಿಲ್ಲ, ಆದರೆ ಒಮ್ಮೆಲೇ ನಿಲ್ಲಿಸಬಾರದು, ಇಳಿಸುತ್ತಾ ಬರಬೇಕು ಎಂದು ಬಿಡಿಸಿ ಹೇಳಿದ್ದಳು. ತಲೆಗೆ ಅರ್ಥವಾಯಿತು. ರಾತ್ರಿ ಕಣ್ಣು ಮುಚ್ಚಿದರೆ ಮಾತ್ರ ಕಟ್ಟೆಯ ಮೇಲೆ ನಾನೇ ಕುಳಿತಿರುತ್ತಿದ್ದೆ.

ನಮ್ಮ ಯಜಮಾನರು ಸಹಾಯ ಮಾಡಲು ಹೋಗಿ ಮೊಬೈಲಿನಲ್ಲಿ ಅಡ್ಡಪರಿಣಾಮಗಳನ್ನು ಕರೆಂಟ್ ಬಿಲ್ ಓದಿದಂತೆ ಒಂದೂ ಬಿಡದೆ ಓದಿ ಹೇಳಿದರು. ಕೊನೆಗೆ, "ನಿನಗೇನು ಕಡಿಮೆಯಾಗಿದೆ?" ಎಂದರು. ಒಳ್ಳೆಯ ಮನುಷ್ಯ. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಇನ್ನೊಂದು ರಾತ್ರಿ ಕಳೆದೆ. ಎರಡು ಗಂಟೆಗೆ ಎದ್ದು ಟೆಲಿಮಾನಸ್‌ನ 14416ಕ್ಕೆ ಫೋನ್ ಮಾಡಿದೆ. 2022ರಿಂದ ಇರುವ ಮಾನಸಿಕ ಆರೋಗ್ಯದ ಸಹಾಯವಾಣಿ, ಶಾಲೆಯ ಗೋಡೆಗೆ ಅದರ ಭಿತ್ತಿಪತ್ರ ಅಂಟಿಸಿದವಳು ನಾನೇ. ಮಕ್ಕಳಿಗಾಗಿ. ಆ ಕಡೆಯ ಹೆಣ್ಣುಮಗಳು ಕನ್ನಡದಲ್ಲಿ ಮಾತಾಡಿದಳು, ನುಂಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. "ಗುಳಿಗೆಯ ಭಯವೇ, ಗುಳಿಗೆ ನುಂಗುವವಳು ಎನಿಸಿಕೊಳ್ಳುವ ಭಯವೇ?" ಎಂದು ಕೇಳಿದಳು. ನಾನು ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನ್ ಇಟ್ಟೆ. ಅದು ಎರಡನೆಯ ಸುಳ್ಳು.

ಮೊದಲನೆಯ ಸುಳ್ಳು ಕಿವಿಯಲ್ಲಿ ಸುತ್ತುತ್ತಲೇ ಇತ್ತು. ಇದು ಯಾರಿಗೆ ಅಕ್ಕೋರೇ? ನಮ್ಮ ಅತ್ತೆಗೆ. ರೊಟ್ಟಿ ಬಡಿಯುವಾಗ ಅದೇ ತಾಳಕ್ಕೆ ಬರುತ್ತಿತ್ತು. ಬೇರೆ ಉತ್ತರಗಳನ್ನು ಅಭ್ಯಾಸ ಮಾಡಿದೆ. "ನನಗೇ" ಎಂದಿದ್ದರೆ? "ನಿನಗೆ ಯಾಕಪ್ಪ?" ಎಂದಿದ್ದರೆ? ನಮ್ಮೂರಿನ ಮದುವೆಯಲ್ಲಿ ಪಂಕ್ತಿಗೆ ಕುಳಿತವರು "ನಿಮ್ಮ ಶುಗರ್ ಎಷ್ಟು?" ಎಂದು ಕ್ಷೇಮ ವಿಚಾರಿಸುತ್ತಾರೆ. ನಮ್ಮ ಮಾವನವರು ಬದುಕಿದ್ದಾಗ ಬಿ.ಪಿ. ಗುಳಿಗೆಯನ್ನು ಊಟದ ತಟ್ಟೆಯ ಪಕ್ಕದಲ್ಲಿಯೇ, ಶೇಂಗಾ ಹಿಂಡಿಯ ಬಟ್ಟಲಿನ ಜೊತೆ ಇಟ್ಟುಕೊಳ್ಳುತ್ತಿದ್ದರು. ನನ್ನ ಗುಳಿಗೆಗೆ ಮಾತ್ರ ಬೇಳೆ ಡಬ್ಬಿಯ ಹಿಂದಿನ ಕತ್ತಲೆ. ಅಲ್ಲಿಟ್ಟವರು ಬೇರೆ ಯಾರೋ ಅಲ್ಲ.

ಈ ಸೋಮವಾರ ಅತ್ತೆ ತಮ್ಮ ಬಿ.ಪಿ. ಗುಳಿಗೆ ತರಲು ತಾವೇ ಹೋದರು. ನಾನು ತಡೆಯಬೇಕಿತ್ತು, ಹಿಟ್ಟಿನ ಕೈಯಲ್ಲಿದ್ದೆ. ಮರಳಿ ಬಂದವರು ಕಾಲು ತೊಳೆದುಕೊಂಡರು, ಪುಂಡಿ ಸೊಪ್ಪಿನ ಕಟ್ಟು ಬಿಚ್ಚಿದರು, ಎಲೆ ಬಿಡಿಸಲು ಕುಳಿತರು. ಅರ್ಧ ಕಟ್ಟು ಮುಗಿದ ಮೇಲೆ ಹೇಳಿದರು:

"ನನಗೆ ಯಾವ ರೋಗ ಬಂದಿದೆ ಎಂದು ನನಗಾದರೂ ಹೇಳಬಾರದೇ ತಂಗಿ?"

ರೊಟ್ಟಿ ಹಂಚಿನ ಮೇಲೆಯೇ ಸೀದಿತು.

"ಹೊಸ ಗುಳಿಗೆ ಹೊಂದಿತೇ ಅಮ್ಮಾ, ಎದೆ ಹೊಡೆದುಕೊಳ್ಳುವುದು ಕಡಿಮೆಯಾಯಿತೇ ಎಂದು ಕೇಳಿದ. ನಾಲ್ಕು ಜನ ನಿಂತಿದ್ದರು."

"ನೀವೇನು ಹೇಳಿದಿರಿ?"

"ಕಡಿಮೆಯಾಗಿದೆ, ಈಗ ಚೆನ್ನಾಗಿ ನಿದ್ದೆ ಬರುತ್ತದೆ ಎಂದೆ. ಮತ್ತೇನು ಹೇಳಲಿ?"

ಅತ್ತೆಗೂ ನನಗೂ ಅಂಥ ಮಹಾ ಪ್ರೀತಿಯೇನೂ ಇಲ್ಲ. ಉಪ್ಪಿನಕಾಯಿಗೆ ಎಷ್ಟು ಸಾಸಿವೆ ಎಂಬುದಕ್ಕೆ ನಾವು ಎರಡು ದಿನ ಮಾತು ಬಿಟ್ಟವರು. ಆಕೆ ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಒಟ್ಟುತ್ತಾ, ಬಿ.ಪಿ. ಎಂದು ಹೇಳಿದ ವರ್ಷ ತಾನು ಎರಡು ತಿಂಗಳು ದಿನಕ್ಕೊಂದು ಗುಳಿಗೆಯನ್ನು ಬಚ್ಚಲಿಗೆ ಹಾಕುತ್ತಿದ್ದೆ ಎಂದರು. ಮಾವನವರ ಎದುರಿಗೆ ಬಾಯಿಗೆ ಹಾಕಿಕೊಂಡು, ಬಚ್ಚಲಿಗೆ ಹೋಗಿ ಉಗುಳುವುದು. ಅಂಗಳದಲ್ಲಿ ತಲೆ ತಿರುಗಿ ಬಿದ್ದ ಮೇಲೆ ನುಂಗಿದ್ದಂತೆ. "ರೋಗ ಒಪ್ಪಿಕೊಂಡರೆ ಮುದುಕಿಯಾದೆ ಎಂದು ಒಪ್ಪಿಕೊಂಡಂತೆ ಅನ್ನಿಸುತ್ತಿತ್ತು" ಎಂದರು. ಅದರ ಬೆನ್ನಿಗೇ, ನಿನಗೆ ಜಾತ್ರೆಯಲ್ಲಿ ಯಾರದೋ ದೃಷ್ಟಿ ತಾಗಿದೆ, ಬಂದೇ ನವಾಜ್ ದರ್ಗಾಕ್ಕೂ ಒಮ್ಮೆ ಹೋಗಿ ಬರೋಣ ಎಂದರು. ಎರಡಕ್ಕೂ ಹೂಂ ಎಂದೆ.

ಮಂಗಳವಾರವೂ ನುಂಗಲಿಲ್ಲ, ಬುಧವಾರವೂ ಇಲ್ಲ. ಗುರುವಾರ ಬೆಳಿಗ್ಗೆ ಅರ್ಧ ರೊಟ್ಟಿ ತಿಂದು, ಸ್ಟ್ರಿಪ್ ಕೈಗೆ ತೆಗೆದುಕೊಂಡು ಹಿಂಬದಿಯ ಹಾಳೆ ಒತ್ತಿದೆ. ಗುಳಿಗೆ ಜಿಗಿದು ನೆಲಕ್ಕೆ ಬಿದ್ದು ಫ್ರಿಜ್ಜಿನ ಕೆಳಗೆ ಹೋಯಿತು. ಕಸಬರಿಗೆಯ ಕಡ್ಡಿಯಿಂದ ಹೊರಗೆಳೆದು, ಧೂಳು ನೋಡಿ ಬಿಸಾಡಿ, ಇನ್ನೊಂದನ್ನು ಒತ್ತಿದೆ. ಇಷ್ಟೊಂದು ಯೋಚಿಸಿದ ವಸ್ತು ಅಕ್ಕಿ ಕಾಳಿಗಿಂತ ಅಷ್ಟೇನೂ ದೊಡ್ಡದಿರಲಿಲ್ಲ.

ಇಂದು ನಾಲ್ಕನೆಯ ದಿನ. ವಾಕರಿಕೆ ಇದೆ, ಚಹಾ ರುಚಿಸುತ್ತಿಲ್ಲ. ಎದೆ ಮೊದಲಿನಂತೆಯೇ ಹೊಡೆದುಕೊಳ್ಳುತ್ತಿದೆ. ಒಂದು ಗುಳಿಗೆ ಧೂಳಿಗೆ ಹೋದದ್ದರಿಂದ ಬುಧವಾರಕ್ಕೆ ಕಡಿಮೆ ಬೀಳುತ್ತದೆ. ಹೇಗೂ 10ರ ಗುಳಿಗೆಯನ್ನೂ ತರಬೇಕು ಎಂದು ಬೆಳಿಗ್ಗೆ ಚೀಟಿ ತೆಗೆದೆ. ಅತ್ತೆ ಕೈ ಚಾಚಿ, "ಕೊಡು, ನಾನೇ ತರುತ್ತೇನೆ. ಹೇಗೂ ರೋಗಿ ನಾನೇ" ಎಂದರು.

ಕೊಡುವ ಮೊದಲು ಒಮ್ಮೆ ನೋಡಿದೆ. ಮೇಲೆ ನೀಟಾಗಿ ನನ್ನ ಹೆಸರು, ವಯಸ್ಸು 41, ಸ್ತ್ರೀ. ಅಂಗಡಿಯವನ ನೇರಳೆ ಬಣ್ಣದ ಮೊಹರು ಸರಿಯಾಗಿ ಆ ಹೆಸರಿನ ಮೇಲೆಯೇ ಬಿದ್ದಿದೆ, ಅರ್ಧ ಅಕ್ಷರಗಳನ್ನು ಮುಚ್ಚಿಕೊಂಡು. ಅಂದು ಅವನು ಅದನ್ನು ಓದಿದ್ದನೋ ಇಲ್ಲವೋ. ಓದಿದ್ದರೆ, ಸೋಮವಾರ ನಾಲ್ಕು ಜನರ ಎದುರಿಗೆ ಅತ್ತೆಯನ್ನು ಕೇಳಿದ್ದು ಯಾಕೆ?

ಚೀಟಿಯನ್ನು ಮಡಚಿ ಪರ್ಸಿಗೆ ಹಾಕಿಕೊಂಡೆ. ಬಿಸಿಲು ಇಳಿದ ಮೇಲೆ ಹೋಗಬೇಕು, ಆ ಹೊತ್ತಿಗೆ ಅಂಗಡಿಯಲ್ಲಿ ಜನ ಹೆಚ್ಚು.