ಹತ್ತನೆಯ ದಿನದ ನಾಲ್ಕು ಮಾತ್ರೆಗಳು

ಎರಡು ತಿಂಗಳಿನಿಂದ ಬಿಡದೆ ಕಾಡುತ್ತಿದ್ದ ಕೆಮ್ಮನ್ನು ನ್ಯುಮೋನಿಯಾ ಎಂದೇ ಬಗೆದು ನನ್ನಲ್ಲಿಗೆ ಬಂದ ಮಹಿಳೆಯೊಬ್ಬರಿಗೆ ಎರಡು ಸಲ ಲೆವೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಬರೆದುಕೊಟ್ಟವನು ನಾನೇ. ವರ್ಷಕ್ಕೊಬ್ಬ ಕ್ಷಯರೋಗಿಯನ್ನು ಕಂಡರೆ ಹೆಚ್ಚು ಎನ್ನುವಂಥ ಕಡೆ ಕೆಲಸ ಮಾಡುವ ವೈದ್ಯನಿಗೆ ಆ ರೋಗದ ಅನುಮಾನವೇ ತಡವಾಗಿ ಬರುತ್ತದೆ. ಆ ಔಷಧ ಕ್ಷಯದ ಬ್ಯಾಕ್ಟೀರಿಯಾವನ್ನೂ ಅರೆಬರೆಯಾಗಿ ಹತ್ತಿಕ್ಕುವುದರಿಂದ ಎರಡೂ ಸಲ ಜ್ವರ ಇಳಿದು, ನನ್ನ ಊಹೆಯೇ ಸರಿಯೆಂಬಂತೆ ತೋರಿ, ಕೆಲವೇ ದಿನಗಳಲ್ಲಿ ಮತ್ತೆ ಏರಿತ್ತು.

ಕಡೆಗೆ ಕಫವನ್ನು, ಬ್ಯಾಕ್ಟೀರಿಯಾದ ವಂಶವಾಹಿಯನ್ನು ಪರೀಕ್ಷಿಸುವ ಜೀನ್‌ಎಕ್ಸ್‌ಪರ್ಟ್ ಯಂತ್ರಕ್ಕೆ ಹಾಕಿದಾಗ ಸುಮಾರು ಎರಡು ಗಂಟೆಯಲ್ಲಿ ಉತ್ತರ ಬಂತು: ಕ್ಷಯ, ಅದೂ ಆ ರೋಗದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗದ ಕ್ಷಯ. ಬೆಡಾಕ್ವಿಲಿನ್, ಪ್ರೆಟೋಮ್ಯಾನಿಡ್, ಲೈನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್ ಸೇರಿದ ಚಿಕಿತ್ಸೆಯನ್ನು ಇಂಥ ಕ್ಷಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದ ಮೇಲೆ, ಹಿಂದೆ ಕಿವಿ ಕೆಡಿಸುವ ಚುಚ್ಚುಮದ್ದುಗಳೊಡನೆ 18 ತಿಂಗಳಿಗೂ ಮೀರಿ ಎಳೆಯುತ್ತಿದ್ದುದು ಬಹುಪಾಲು ರೋಗಿಗಳಿಗೆ 6 ತಿಂಗಳಿಗೆ ಇಳಿದಿದೆ. ಆದರೆ ನಮ್ಮ ಔಷಧಾಲಯದಲ್ಲಿ ಮೊದಲೆರಡು ಇರಲೇ ಇಲ್ಲ. ತರಿಸುವಷ್ಟರಲ್ಲಿ ಒಂಬತ್ತು ದಿನ ಕಳೆದವು. ಅಷ್ಟೂ ದಿನ ಆಕೆ ಪ್ರತ್ಯೇಕ ಕೋಣೆಯಲ್ಲಿ ಒಬ್ಬರೇ ಇದ್ದರು. ಇಂಥ ರೋಗಿಗಳನ್ನು ನಿತ್ಯ ನೋಡುವ ತಜ್ಞರಿಗೆ ಫೋನ್ ಮಾಡಿ ಪ್ರತಿಯೊಂದನ್ನೂ ಕೇಳಿ ಬರೆದುಕೊಂಡೆ. ಕ್ಷಯ ಅಪರೂಪವಾದ ಕಡೆ ಹೀಗೆ ಕೇಳುವುದು ಕಡ್ಡಾಯವಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮಾಕ್ಸಿಫ್ಲಾಕ್ಸಾಸಿನ್ ಕೂಡ ಲೆವೊಫ್ಲಾಕ್ಸಾಸಿನ್ ಗುಂಪಿನದೇ ಆದ್ದರಿಂದ, ಬ್ಯಾಕ್ಟೀರಿಯಾ ಅದಕ್ಕೂ ಬಗ್ಗದಂತಾಗಿ, ಆಕೆಗೆ ಬೇಕಾದ ಒಂದು ಔಷಧವನ್ನು ನನ್ನ ಕೈಯಾರೆ ಕೆಡಿಸಿದೆನೇ ಎಂಬ ಚಿಂತೆ ರಾತ್ರಿಯೆಲ್ಲ ಕೊರೆಯುತ್ತಿತ್ತು.

ಹತ್ತನೆಯ ದಿನ ಬೆಳಿಗ್ಗೆ, ಬೆಡಾಕ್ವಿಲಿನ್ ಹೃದಯದ ಲಯವನ್ನು ಏರುಪೇರು ಮಾಡಬಹುದಾದ್ದರಿಂದ ಮೊದಲು ಇಸಿಜಿ ನೋಡಿ, ಅದರ ನಾಲ್ಕು ಮಾತ್ರೆಗಳನ್ನು ಆಕೆಯ ಅಂಗೈಗೆ ಹಾಕಿದೆ. ಮೊದಲ ಎರಡು ವಾರ ದಿನಕ್ಕೆ 400 ಮಿಲಿಗ್ರಾಂ. ಲೈನೆಜೋಲಿಡ್‌ನಿಂದ ಪಾದಗಳು ಜೋಮು ಹಿಡಿಯಬಹುದು, ಕಣ್ಣಿನ ನರಕ್ಕೆ ಪೆಟ್ಟಾಗಬಹುದು ಎಂದು ವಿವರಿಸಿ, ಬಣ್ಣ ಗುರುತಿಸುವ ದೃಷ್ಟಿಯನ್ನು ಪರೀಕ್ಷಿಸುವ ಬಣ್ಣದ ಚುಕ್ಕೆಗಳ ಹಾಳೆಗಳನ್ನು ತೋರಿಸುತ್ತಾ ಹೋದೆ. ಹೊಲಿಗೆ ಕೆಲಸದ ಆಕೆ ಹಾಳೆಗಳಲ್ಲಿ ಅಡಗಿದ್ದ ಅಂಕಿಗಳನ್ನೆಲ್ಲ ತಡವರಿಸದೆ ಓದಿ, "ಡಾಕ್ಟರೇ, ಸೂಜಿಗೆ ದಾರ ಪೋಣಿಸೋಕಾದರೂ ಆಗುತ್ತಲ್ಲ?" ಎಂದು ಕೇಳಿದರು. ಕೆಂಪು ದಾರ ಸ್ವಲ್ಪ ಮಂಕಾಗಿ ಕಂಡರೂ ಅಂದೇ ತಿಳಿಸಿ, ಮರುದಿನಕ್ಕೆ ಬಿಡಬೇಡಿ ಎಂದೆ.

ಸಂಜೆ ಪ್ರಯೋಗಾಲಯದಿಂದ ಫೋನ್ ಬಂತು: ಮಾಕ್ಸಿಫ್ಲಾಕ್ಸಾಸಿನ್‌ಗೆ ಬ್ಯಾಕ್ಟೀರಿಯಾ ಇನ್ನೂ ಬಗ್ಗುತ್ತದೆ. ಮಾಸ್ಕ್ ಬಿಗಿದುಕೊಂಡು ಮತ್ತೆ ಆ ಕೋಣೆಗೆ ಹೋಗಿ ಆಕೆಗೆ ವಿಷಯ ತಿಳಿಸಿದೆ, ಎರಡು ಸಲ ನಾನು ತಪ್ಪು ಔಷಧ ಕೊಟ್ಟಿದ್ದನ್ನೂ ಸೇರಿಸಿ.