ಟೂರ್ ಹಡಗಿನವರತ್ರ ತಗೊಳ್ಳೋದಾ, ಹೊರಗೆ ತಗೊಳ್ಳೋದಾ?

ದೀಪಾವಳಿ ಮುಗಿದ ಕೂಡ್ಲೇ ನಂಗೆ ಫೋನ್ ಶುರು ಆಗ್ತದೆ. ನಾವಿರೋದು ಹ್ಯೂಸ್ಟನ್ನಲ್ಲಿ, ಗ್ಯಾಲ್ವೆಸ್ಟನ್ ಬಂದರು ಕಾರಲ್ಲಿ ಒಂದು ಗಂಟೆ ದಾರಿ, ಮತ್ತೆ ಕ್ರಿಸ್‌ಮಸ್ ರಜೆಯಲ್ಲಿ ಊರಿಂದ ಬಂದ ಅಪ್ಪ ಅಮ್ಮನನ್ನೂ ಕರ್ಕೊಂಡು ಕೆರಿಬಿಯನ್ ಕ್ರೂಸಿಗೆ ಹೋಗಿ ಬಂದದ್ದು ಇಲ್ಲಿಯ ಕನ್ನಡದವರಿಗೆಲ್ಲ ಗೊತ್ತುಂಟು. ಹಾಗಾಗಿ ಎಲ್ಲರೂ ಕೇಳುದು ಒಂದೇ: "ಹಡಗು ಬುಕ್ ಮಾಡಿ ಆಯ್ತು, ಇಳಿದಲ್ಲಿ ಸುತ್ತಾಡೋಕೆ ಟೂರ್ ಹಡಗಿನವರತ್ರಾನೇ ತಗೋಬೇಕಾ? ಹೊರಗಡೆ ಅರ್ಧ ರೇಟಂತಲ್ಲ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಈ ಲಿಂಕ್ ಕಳಿಸ್ತೇನೆ, ಬೇಜಾರು ಮಾಡ್ಕೊಳ್ಬೇಡಿ.

ರೇಟು ನೋಡಿ ತೀರ್ಮಾನ ಮಾಡ್ಬೇಡಿ, ಬಂದರು ನೋಡಿ ಮಾಡಿ. ಇಷ್ಟೇ ಉತ್ತರ. ಆದ್ರೆ ಇಷ್ಟು ಹೇಳಿದ್ರೆ ಯಾರೂ ಫೋನ್ ಇಡುದಿಲ್ಲ, ಹಾಗಾಗಿ ಬಿಡಿಸಿ ಬರೀತೇನೆ.

ಎಲ್ಲಾ ಕಡೆ ಹಡಗು ದಡಕ್ಕೆ ಬಂದು ನಿಲ್ಲುದಿಲ್ಲ. ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ದೊಡ್ಡ ಹಡಗು ಬಂದು ನಿಲ್ಲುವ ಕಟ್ಟೆಯೇ ಇಲ್ಲ, ಸಮುದ್ರದಲ್ಲೇ ಲಂಗರು ಹಾಕಿ ಟೆಂಡರ್ ಅಂತ ಸಣ್ಣ ಬೋಟಲ್ಲಿ ಜನರನ್ನ ದಡಕ್ಕೆ ಬಿಡ್ತಾರೆ. ಕಟ್ಟೆ ಕಟ್ಟುದಾ ಬೇಡ್ವಾ ಅಂತ 2025ರ ಏಪ್ರಿಲ್‌ನಲ್ಲಿ ಅಲ್ಲಿಯ ಜನರನ್ನೇ ಕೇಳಿದ್ರು, ಅವರು ಬೇಡ ಅಂತ ವೋಟ್ ಹಾಕಿದ್ರು, ಅದು ಅವರ ಊರು, ಅವರಿಗೆ ಬಿಟ್ಟದ್ದು. ಬೆಲೀಜ್ ಸಿಟಿಯಲ್ಲಿ ಹವಳದ ದಿಬ್ಬದ ಒಳಗಡೆ ನೀರು ಆಳ ಇಲ್ಲ, ದೊಡ್ಡ ಹಡಗು ಮೈಲಿಗಟ್ಟಲೆ ಆಚೆಯೇ ನಿಲ್ತದೆ. ಇಂಥಾ ಕಡೆ ಹಡಗಿನ ಟೂರ್ ತಗೊಂಡವರನ್ನ ಮೊದ್ಲು ಬೋಟಿಗೆ ಹತ್ತಿಸ್ತಾರೆ, ಉಳಿದವರು ನಂಬರ್ ಚೀಟಿ ಹಿಡ್ಕೊಂಡು ಕಾಯ್ಬೇಕು. ಹೊರಗೆ ಒಂಬತ್ತು ಗಂಟೆಗೆ ಬರ್ತೇವೆ ಅಂತ ಬುಕ್ ಮಾಡಿಟ್ಟು ನೀವು ಹತ್ತೂವರೆಗೂ ಹಡಗಲ್ಲೇ ಕೂತಿದ್ರೆ ಅದು ಟೂರ್‌ನವರ ತಪ್ಪಲ್ಲ.

ಡಿಸೆಂಬರ್‌ಗೆ ಇನ್ನೊಂದು ತಾಪತ್ರಯ ಉಂಟು, ಗಾಳಿ. ಚಂಡಮಾರುತದ ಸೀಸನ್ ಜೂನ್ 1ರಿಂದ ನವೆಂಬರ್ 30ರವರೆಗೆ, ಅದು ಮುಗೀತು ಅಂತ ಎಲ್ಲರೂ ನಿಶ್ಚಿಂತೆಯಲ್ಲಿ ಹೊರಡ್ತಾರೆ. ಆದ್ರೆ ಕ್ರಿಸ್‌ಮಸ್ ಹೊತ್ತಿಗೆ ಅಲ್ಲಿ ಜೋರು ಗಾಳಿ ಬೀಸ್ತದೆ, ದ್ವೀಪದವರು ಅದಕ್ಕೆ ಕ್ರಿಸ್‌ಮಸ್ ವಿಂಡ್ಸ್ ಅಂತಲೇ ಹೇಳುದು, ಅದರ ಮೇಲೆ ಉತ್ತರದ ಚಳಿಗಾಳಿ ಇಳಿದು ಬಂದ್ರೆ ಟೆಂಡರ್ ಬೋಟು ಹಡಗಿನ ಪಕ್ಕ ನಿಲ್ಲಿಕ್ಕೇ ಆಗುದಿಲ್ಲ. ಆಗ ಕ್ಯಾಪ್ಟನ್ ಬಂದರನ್ನೇ ಬಿಟ್ಟು ಮುಂದೆ ಹೋಗ್ತಾರೆ. ಹಡಗಿನ ಟೂರ್ ಆದ್ರೆ ದುಡ್ಡು ತನ್ನಷ್ಟಕ್ಕೆ ನಿಮ್ಮ ರೂಮಿನ ಅಕೌಂಟಿಗೆ ವಾಪಸ್ ಬರ್ತದೆ. ಹೊರಗಿನವರಾದ್ರೆ "ಹಡಗು ಬಾರದಿದ್ರೆ ಪೂರ್ತಿ ವಾಪಸ್" ಅಂತ ಬರವಣಿಗೆಯಲ್ಲಿ ಕೊಡ್ತಾರಾ ಕೇಳಿ, ಕೊಡದಿದ್ರೆ ಬಿಟ್ಟುಬಿಡಿ.

ಮೆಕ್ಸಿಕೋದ ಕೋಜುಮೆಲ್‌ನಲ್ಲಿ ದ್ವೀಪದೊಳಗೇ ಸುತ್ತುದಾದ್ರೆ ಬಂದರಿನ ಹೊರಗೆ ಟ್ಯಾಕ್ಸಿ ಹಿಡೀರಿ, ಎಂತ ತೊಂದರೆಯೂ ಇಲ್ಲ. ಆದ್ರೆ ತುಲುಮ್‌ನ ಹಳೇ ಮಾಯಾ ಜನಾಂಗದ ಕೋಟೆ ನೋಡ್ಬೇಕು ಅಂದ್ರೆ ಅದು ಇರೋದು ದ್ವೀಪದಲ್ಲಲ್ಲ, ಮುಕ್ಕಾಲು ಗಂಟೆ ಫೆರಿಯಲ್ಲಿ ಪ್ಲಾಯಾ ಡೆಲ್ ಕಾರ್ಮೆನ್‌ಗೆ ದಾಟಿ ಅಲ್ಲಿಂದ ಬಸ್ಸಲ್ಲಿ ಇನ್ನೂ ಅಷ್ಟು ದೂರ ಹೋಗ್ಬೇಕು. ಅದನ್ನ ಹಡಗಿನವರತ್ರವೇ ತಗೊಳ್ಳಿ. ಅವರ ಬಸ್ಸು ತಡ ಆದ್ರೆ ಹಡಗು ಕಾಯ್ತದೆ, ನಿಮ್ಮ ಟ್ಯಾಕ್ಸಿ ತಡ ಆದ್ರೆ ಕಾಯುದಿಲ್ಲ.

ಗಡಿಯಾರದ ವಿಷಯ ಯಾರೂ ಕೇಳುದಿಲ್ಲ, ನಾನೇ ಹೇಳ್ತೇನೆ. ಚಳಿಗಾಲದಲ್ಲಿ ಕೋಜುಮೆಲ್, ಕೇಮನ್, ಜಮೈಕಾ ಮೂರೂ ಗ್ಯಾಲ್ವೆಸ್ಟನ್‌ಗಿಂತ ಒಂದು ಗಂಟೆ ಮುಂದೆ. ಕೆಲವು ಹಡಗಿನವರು ಗಡಿಯಾರ ತಿರುಗಿಸ್ತಾರೆ, ಕೆಲವರು ತಿರುಗಿಸುದಿಲ್ಲ, ನಿಮ್ಮ ಫೋನ್ ಮಾತ್ರ ಯಾರನ್ನೂ ಕೇಳದೆ ಅಲ್ಲಿಯ ಟವರ್ ಹಿಡಿದು ಟೈಮ್ ಬದಲಾಯಿಸಿಬಿಡ್ತದೆ. ವಾಪಸ್ ಹತ್ತಬೇಕಾದ ಹೊತ್ತು ಲೆಕ್ಕ ಆಗೋದು ಹಡಗಿನ ಟೈಮಲ್ಲಿ. ನನ್ನ ಅಪ್ಪ ಕೈಗೆ ಕಟ್ಟಿದ ಹಳೇ ಎಚ್‌ಎಂಟಿ ವಾಚಿಗೆ ಹಡಗಿನ ಟೈಮ್ ಇಟ್ಟುಕೊಂಡು ನಮ್ಮನ್ನೆಲ್ಲ ಓಡಿಸಿದ್ರು, ಅದೇ ಸರಿಯಾದ ಕ್ರಮ.

ಇಷ್ಟು ಹೊತ್ತು ಸಮಾಧಾನದಲ್ಲೇ ಬರೆದೆ. ನಂಗೆ ತಡೀಲಿಕ್ಕೆ ಆಗದೇ ಇರೋದು ಹೋದ ಸಲ ಒಬ್ಬರು ಫೋನಲ್ಲಿ ಹೇಳಿದ ಮಾತು: "ಜಮೈಕಾದಲ್ಲಿ ನಾವು ಇಳಿಯೋದೇ ಇಲ್ಲ ಕಣ್ರೀ, ಏನಿದೆ ಅಲ್ಲಿ, ಬರೀ ಬೀಚು. ಎಲ್ಲಾ ಇಳಿದು ಹೋದ್ರೆ ಹಡಗು ಖಾಲಿ ಇರತ್ತೆ, ಮಕ್ಕಳಿಗೆ ವಾಟರ್ ಸ್ಲೈಡ್‌ಗೆ ಕ್ಯೂ ಇರಲ್ಲ." ವರ್ಷದಲ್ಲೇ ಅತಿ ದುಬಾರಿ ವಾರದ ಟಿಕೆಟ್ ತಗೊಂಡು, ಜಮೈಕಾದ ಕಟ್ಟೆಗೆ ಹಗ್ಗ ಕಟ್ಟಿ ನಿಂತ ಹಡಗಿಂದ ಕೆಳಗೆ ಕಾಲಿಡದೆ ಸ್ಲೈಡಲ್ಲಿ ಜಾರುವವರಿಗೆ ನಾನೆಂತ ಹೇಳುದು ಮಾರಾಯ್ರೆ?

ಅಲ್ಲಿ ಎಂತ ಉಂಟು ಅಂತ ಕೇಳಿ.

ನಮ್ಮ ಹಡಗು ನಿಂತದ್ದು ಫಾಲ್ಮತ್‌ನಲ್ಲಿ. ಗೇಟಿನ ಹತ್ರ ಕೆಂಪು ನಂಬರ್ ಪ್ಲೇಟಿನ ವ್ಯಾನು, ಅಂದ್ರೆ ಸರ್ಕಾರದ ಲೈಸೆನ್ಸ್ ಇರೋ ಬಾಡಿಗೆ ಗಾಡಿ, ಹಾಗಿರೋದನ್ನೇ ಹಿಡೀಬೇಕು. ಡ್ರೈವರ್ ವಯಸ್ಸಾದವರು. ಹೊರಟ ಕೂಡ್ಲೇ ಹೇಳಿದ್ದು ಇದು ಟ್ರಿಲಾನಿ ಪ್ಯಾರಿಷ್, ಅಂದ್ರೆ ನಮ್ಮ ಜಿಲ್ಲೆಯ ಲೆಕ್ಕ, ಉಸೇನ್ ಬೋಲ್ಟ್ ಇಲ್ಲಿಯವನೇ ಅಂತ. ಅಪ್ಪ ಮುಂದಿನ ಸೀಟಿಗೆ ಬದಲಾದ್ರು, ಅಲ್ಲಿಂದ ಅವರಿಬ್ಬರದ್ದೇ ಮಾತು.

ಊರು ದಾಟಿ ಗುಡ್ಡ ಹತ್ತುವಾಗ ಅಮ್ಮ ಒಮ್ಮೆಲೇ ಕಿಟಕಿಗೆ ಬೆರಳು ಒತ್ತಿ, "ನಿಲ್ಲಿಸ್ಲಿಕ್ಕೆ ಹೇಳು, ಅದು ನಮ್ಮ ಜೀಗುಜ್ಜೆ ಅಲ್ವಾ ಮಾರಾಯ್ತಿ!" ಅಂತ ಕೂಗಿದ್ರು. ಹೌದು, ಜೀಗುಜ್ಜೆಯೇ. ಅಂಗೈಯ ಬೆರಳು ಬಿಡಿಸಿದ ಹಾಗಿರೋ ಅದೇ ದಪ್ಪ ಎಲೆ, ಪುತ್ತೂರಿನ ನಮ್ಮ ಮನೆ ಬಾವಿ ಹತ್ರ ಇರೋ ಮರದ್ದೇ. ಡ್ರೈವರಿಗೆ ಖುಷಿಯೋ ಖುಷಿ, ಬ್ರೆಡ್‌ಫ್ರೂಟ್ ಗೊತ್ತಿರೋ ಪ್ರವಾಸಿಗರು ಅವರಿಗೆ ಅಪರೂಪ ಅಂತೆ. ರಸ್ತೆ ಬದಿಯ ಒಂದು ತಟ್ಟಿ ಅಂಗಡಿಗೆ ಕರ್ಕೊಂಡು ಹೋದ್ರು. ಅಲ್ಲಿ ಇಡೀ ಕಾಯಿಯನ್ನೇ ಕೆಂಡದ ಮೇಲೆ ಇಟ್ಟು ತಿರುಗಿಸ್ತಿದ್ರು, ಸಿಪ್ಪೆ ಪೂರ್ತಿ ಕರಿ ಆಗಿ ಬಿರಿದು ಹೊಗೆ ಬರ್ತಿತ್ತು. ಅಮ್ಮನಿಗೆ ಸಂಕಟ. "ಇಷ್ಟು ಒಳ್ಳೇ ಜೀಗುಜ್ಜೆಯನ್ನ ಸುಟ್ಟು ಹಾಕ್ತಾರಲ್ಲ, ಪೋಡಿ ಮಾಡ್ಬಾರ್ದಾ?" ಆ ಹೆಂಗಸು ಚಾಕುವಲ್ಲಿ ಸಿಪ್ಪೆ ಹೆರೆದು, ಒಳಗಿನ ಹಳದಿ ತಿರುಳನ್ನ ಹೋಳು ಮಾಡಿ ಬೆಣ್ಣೆ ಸವರಿ ಕೊಟ್ರು. ಅಮ್ಮ ತಿಂದು, ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಮತ್ತೆ ಇನ್ನೊಂದು ಹೋಳು ಕೇಳಿದ್ರು. ಆಮೇಲೆ ಕಡ್ಲೆಹಿಟ್ಟಲ್ಲಿ ಅದ್ದಿ ಕರಿಯುವ ಕ್ರಮವನ್ನ ಕೈಸನ್ನೆಯಲ್ಲೇ ಅವರಿಗೆ ಹೇಳಿಕೊಟ್ರು, ಆ ಹೆಂಗಸು ತಲೆ ಆಡಿಸಿ ಆಡಿಸಿ ಕೇಳಿಸ್ಕೊಂಡ್ರು.

ಆ ಮರ ಜಮೈಕಾಕ್ಕೆ ಬಂದದ್ದು 1793ರಲ್ಲಿ, ಕ್ಯಾಪ್ಟನ್ ಬ್ಲೈ ಅನ್ನುವವನು ಪೆಸಿಫಿಕ್ ದ್ವೀಪಗಳಿಂದ ಪ್ರಾವಿಡೆನ್ಸ್ ಅನ್ನೋ ಹಡಗಲ್ಲಿ ಸಸಿ ತಂದದ್ದು. ಕಬ್ಬಿನ ತೋಟದಲ್ಲಿ ದುಡಿಸ್ತಿದ್ದ ಆಫ್ರಿಕಾದ ಗುಲಾಮರಿಗೆ ಕಡಿಮೆ ಖರ್ಚಲ್ಲಿ ಹೊಟ್ಟೆಗೆ ಹಾಕ್ಲಿಕ್ಕೆ ತಂದದ್ದು, ಅದನ್ನ ಡ್ರೈವರ್ ದನಿ ಏರಿಸದೆ ಹೇಳಿದ್ರು. 1838ರಲ್ಲಿ ಗುಲಾಮಗಿರಿ ಪೂರ್ತಿ ಹೋಯ್ತು, ತೋಟಕ್ಕೆ ಆಳು ಬೇಕಾಯ್ತು, ಆಗ ತೋಟದ ಧಣಿಗಳ ಕಣ್ಣು ಬಿದ್ದದ್ದು ನಮ್ಮವರ ಮೇಲೆ. 1845ರ ಮೇ 10ಕ್ಕೆ ನಮ್ಮವರನ್ನ ಹೊತ್ತ ಮೊದಲ ಹಡಗು ಜಮೈಕಾದ ಓಲ್ಡ್ ಹಾರ್ಬರ್ ಬೇ ಅನ್ನೋ ಕಡೆಗೆ ಬಂತು. ಹೀಗೆ ಇಂತಿಷ್ಟು ವರ್ಷ ದುಡಿಯುವ ಕರಾರಿಗೆ ಕೂಲಿಗಳನ್ನ ಸಾಗಿಸುದು ನಿಂತದ್ದು 1917ರಲ್ಲಿ, ಅಷ್ಟರೊಳಗೆ ಸುಮಾರು 36 ಸಾವಿರ ಭಾರತೀಯರನ್ನ ಅಲ್ಲಿಗೆ ಸಾಗಿಸಿ ಆಗಿತ್ತು. ಆಡಿನ ಕರಿ ಇವತ್ತು ಅಲ್ಲಿಯವರ ಮದುವೆ ಊಟ, ಮಾವಿನಲ್ಲಿ ಬಾಂಬೆ ಅಂತ ಒಂದು ಜಾತಿ, ಈಸ್ಟ್ ಇಂಡಿಯನ್ ಅಂತ ಇನ್ನೊಂದು. ಅಪ್ಪ ಅಲ್ಲಿವರೆಗೆ ನಗಾಡ್ತಾ ಇದ್ದವರು ಈ ಮಾತಿಗೆ ಸುಮ್ಮನಾದ್ರು. ವಾಪಸ್ ಬರುವಾಗ ಡ್ರೈವರ್ ಬೇಲಿ ಬದಿಯ ಒಂದು ಮರದಿಂದ ಎಲೆ ಕಿತ್ತು ಹಿಸುಕಿ ಅಮ್ಮನ ಕೈಗೆ ಕೊಟ್ರು, ಲವಂಗ, ಚಕ್ಕೆ, ಕಾಳುಮೆಣಸು ಒಟ್ಟಿಗೆ ಮೂಸಿದ ಹಾಗೆ, ಅದು ಪಿಮೆಂಟೋ, ನಾವು ಆಲ್‌ಸ್ಪೈಸ್ ಅಂತ ಡಬ್ಬಿಯಲ್ಲಿ ತರ್ತೇವಲ್ಲ, ಅದರ ಮರ.

ಬರೀ ಬೀಚಂತೆ!

ಯಾರ ಜೊತೆ ಸುತ್ತಿದ್ರಿ, ಅವರು ಎಂತ ತೋರಿಸಿದ್ರು ಅಂತ ಒಬ್ಬರಾದ್ರೂ ಕೇಳ್ಬೇಕಿತ್ತು. ಯಾಕೆಂದ್ರೆ ಹಡಗಿನ ಟೂರಾದ್ರೂ ನಡೆಸುದು ಅಲ್ಲಿಯ ಕಂಪೆನಿಗಳೇ, ನಡುವೆ ಹಡಗಿನವರ ಪಾಲು ಇರ್ತದೆ ಅಷ್ಟೇ. ಆದ್ರೆ ನಲ್ವತ್ತು ಜನರ ಬಸ್ಸಲ್ಲಿ ಅಮ್ಮ ಕೂಗಿದ್ರೆ ಯಾರು ನಿಲ್ಲಿಸ್ತಾರೆ? ವಯಸ್ಸಾದವರು ಜೊತೆಗಿದ್ದು ಹಡಗು ದಡಕ್ಕೇ ಕಟ್ಟುವ ಬಂದರಾದ್ರೆ ನಾನು ಯಾವಾಗ್ಲೂ ಸ್ವಂತ ಗಾಡಿಯೇ ಮಾಡೋದು, ಬೇಕಾದಲ್ಲಿ ಬಾತ್‌ರೂಮಿಗೆ ನಿಲ್ಲಿಸ್ಬಹುದು, ಸಾಕಾದ್ರೆ ತಿರುಗಿ ಬರ್ಬಹುದು. ಸೇಫಾ ಅಂತ ಕೇಳುವವರಿಗೆ: ಅಲ್ಲಿ ಅಪರಾಧ ಇಲ್ಲ ಅಂತ ನಾನು ಹೇಳುದಿಲ್ಲ, ಲೈಸೆನ್ಸ್ ಇರೋ ಗಾಡಿ, ಹಗಲು ಹೊತ್ತು, ದರ ಮೊದಲೇ ಮಾತಾಡಿ, ಹಡಗಿನ ಟೈಮಿಗೆ ಎರಡು ಗಂಟೆ ಮುಂಚೆ ವಾಪಸ್.

ಮತ್ತೆ ದಯವಿಟ್ಟು ಆ ಡ್ರೈವರ್ ಹತ್ರ ಹತ್ತು ಡಾಲರಿಗೆ ಚೌಕಾಸಿ ಮಾಡ್ಬೇಡಿ. ಅವರ ದುಡಿಮೆಯ ಕಾಲ ಡಿಸೆಂಬರ್ ಮಧ್ಯದಿಂದ ಏಪ್ರಿಲ್‌ವರೆಗೆ, ಅದ್ರಲ್ಲೇ ವರ್ಷ ತೆಗೀಬೇಕು. 2025ರ ಅಕ್ಟೋಬರ್ 28ಕ್ಕೆ ಮೆಲಿಸ್ಸಾ ಚಂಡಮಾರುತ ಜಮೈಕಾದ ಪಶ್ಚಿಮ ಭಾಗವನ್ನ ಹೊಡೆದು ಹಾಕಿದ ಸುದ್ದಿ ನೋಡುವಾಗ ನಂಗೆ ನೆನಪಾದದ್ದು ಆ ಕೆಂಡದೊಲೆಯ ತಟ್ಟಿ ಅಂಗಡಿ. ಇಂಥಾ ಊರಲ್ಲಿ ಇಳಿದು ನಾಲ್ಕು ಕಾಸು ಖರ್ಚು ಮಾಡಿ ಅಂತ ನಾನು ಕೈಮುಗಿದು ಕೇಳ್ತೇನೆ.

ಅಂದ ಹಾಗೆ ಎಚ್‌ ಒನ್ ಬಿ ಅನ್ನೋ ಕೆಲಸದ ವೀಸಾದಲ್ಲಿ ಅಮೆರಿಕದಲ್ಲಿ ಇರುವವರಿಗೆ ಒಂದು ಮಾತು, ಇದನ್ನೂ ಯಾರೂ ಕೇಳುದಿಲ್ಲ. ವೀಸಾ ಸ್ಟಾಂಪ್ ಮುಗಿದಿದ್ರೂ 30 ದಿನದೊಳಗೆ ಹೋಗಿ ಬರ್ಬಹುದು ಅನ್ನೋ ವಿನಾಯಿತಿ ನಿಮಗಿರೋದು ಕೆನಡಾ, ಮೆಕ್ಸಿಕೋಗೆ ಮಾತ್ರ. ಹಡಗು ಜಮೈಕಾಕ್ಕೋ ಕೇಮನ್‌ಗೋ ಹೋಗ್ತದೆ ಅಂತಾದ್ರೆ ಅದು ನಡಿಯುದಿಲ್ಲ. ದುಡ್ಡು ಕಟ್ಟುವ ಮುಂಚೆ ಪಾಸ್‌ಪೋರ್ಟ್ ತೆಗೆದು ಸ್ಟಾಂಪಿನ ತಾರೀಕು ನೋಡಿ.